ಏಳನೆಯ ಪ್ರಶ್ನೆ

ವೈಯಾಲಾದಲ್ಲಿ ಗಾಳಿ ಎದ್ದರೆ
ಉಕ್ಕಿನ ಕಾರ್ಖಾನೆಯ ಕೆಂಧೂಳು ಕಿಟಕಿಗೆ ಕಾವಿ ಬಳಿಯುತ್ತದೆ.
ಅದನ್ನೊರೆಸುವುದು ನನ್ನ ಕೆಲಸವಲ್ಲ.
ನನ್ನ ಕೆಲಸ, ತಿಂಗಳಿಗೊಮ್ಮೆ
ಹದಿನಾಲ್ಕನೆಯ ಕೋಣೆಯ ಮುದುಕಿಗೆ
ಎಂಟು ಪ್ರಶ್ನೆ ಕೇಳಿ ಅಂಕ ಹಾಕುವುದು.

ಮೊದಲಿಗೆ ಮೂರು ಶಬ್ದ ಕೊಟ್ಟೆ: ಸೇಬು, ಬೀಗ, ದೋಣಿ.
ಕೊನೆಗೆ ಕೇಳುತ್ತೇನೆ, ಜೋಪಾನ.
ಇವತ್ತು ಯಾವ ವಾರ. ಈ ಊರು ಯಾವುದು.
ನೂರರಿಂದ ಏಳೇಳು ಕಳೆಯುತ್ತ ಬನ್ನಿ.
ಏಳನೆಯದು:
ದೇಶವನ್ನು ಈಗ ಆಳುತ್ತಿರುವವರು ಯಾರು?

ಬೊಗ್ದಾನಾ ಕನ್ನಡಕ ತೆಗೆದು
ಸ್ವೆಟರಿನ ತುದಿಗೆ ಒರೆಸಿ ಕೇಳಿದಳು:
ಯಾವ ದೇಶ?

ಅವಳು ಹುಟ್ಟಿದ್ದು ಈಗಿನ ಭೂಪಟದಲ್ಲಿಲ್ಲ.
ಮಡಚಿ ಮಡಚಿ, ಮಡಿಕೆಯಲ್ಲೇ ಹರಿದು ಮೂರಾಯಿತು.
ಆಳಿದವರು ಮಾತ್ರ ಅವಳ ಹೆಬ್ಬೆರಳಲ್ಲಿ ಸಾಲಾಗಿದ್ದಾರೆ.
ಮೂವತ್ತೊಂದು ವರ್ಷ ಪಕ್ಷದ ಪತ್ರಿಕೆಗೆ
ಅಚ್ಚುಮೊಳೆ ಜೋಡಿಸಿದವಳು.
ಮುಖ ಕಂಡವಳಲ್ಲ ನಾನು, ಎನ್ನುತ್ತಾಳೆ,
ಸೀಸದಲ್ಲಿ ಅವರವರ ತೂಕ ಬಲ್ಲೆ.

ಕೊನೆಯವನಿಂದ ಶುರು ಮಾಡಿದಳು.

ಐದನೆಯವನು ವೋಟಿನಲ್ಲಿ ಗೆದ್ದ ಹೊಸಬ,
ಹೊಸ ಬಾವುಟ, ಹೊಸ ಕೋಟು.
ಅವನ ಮೊದಲ ಭಾಷಣದ ಕಾಗದ ನೋಡಿದೊಡನೆ ತಿಳಿಯಿತು,
ಎರಡನೆಯವನಿಗೆ ಬರೆದುಕೊಡುತ್ತಿದ್ದವನು ಇವನೇ:
'ಸ್ವಾತಂತ್ರ್ಯ'ದಲ್ಲಿ ಅದೇ ಕಾಗುಣಿತದ ತಪ್ಪು.

ನಾಲ್ಕನೆಯವನು, ನನ್ನ ಹೆಸರು ಸಣ್ಣಕ್ಷರದಲ್ಲಿರಲಿ, ಎಂದ.
ಜನ ಅತ್ತರು ಸಂತೋಷಕ್ಕೆ.
ಆಮೇಲೆ ಬ್ರೆಡ್ಡಿನ ಬೆಲೆಯೂ ಸಣ್ಣಕ್ಷರದಲ್ಲೇ ಬಂತು.

ಮೂರನೆಯವನಿಗೆ ಬಿರುದು ಪೋಣಿಸುವಷ್ಟರಲ್ಲಿ
ಒಳಗಿಂದ ಕಪ್ಪು ಚೌಕಟ್ಟು ತಂದಿಟ್ಟರು.

ಎರಡನೆಯವನ ಹೆಸರಲ್ಲೊಂದು ಅಪರೂಪದ ಅಕ್ಷರ,
ಗೂಡಿನಲ್ಲಿ ಇದ್ದದ್ದೇ ಮೂರು.
ಪುಟಕ್ಕೆ ಒಂಬತ್ತು ಸಲ ಅವನು!
ಆಟದ ಪುಟದಿಂದ ಕಿತ್ತು ತಂದೆವು;
ಆವತ್ತು ಹೆಸರೇ ಇಲ್ಲದ ಗೋಲಿಯೊಬ್ಬ
ಎರಡು ಗೋಲು ತಡೆದ.

ನಾನು ನಕ್ಕೆ. ಗದಗಿನಲ್ಲಿ ನನ್ನಪ್ಪನೂ ಇದೇ ಕಸುಬಿನವನು,
ಲಗ್ನಪತ್ರಿಕೆ, ಗೊಬ್ಬರದ ರಸೀತಿ,
ಒಮ್ಮೆ ಒತ್ತಕ್ಷರ ಸಾಲದೆ
ಮಂತ್ರಿಯನ್ನು ಮಂತಿ ಮಾಡಿ ಪೊಲೀಸರಿಗೆ ಚಹಾ ಕುಡಿಸಿದವನು.
ಉಲ್ಟಾ ಓದೂದು ಕಲಿ ಅವ್ವಿ, ಅನ್ನುತ್ತಿದ್ದ,
ಸುಲ್ಟಾ ತಾನ ಬರ್ತದ.

ಮೊದಲನೆಯವನಿಗೆ ಬಂದಾಗ ಅವಳ ದನಿ ಇಳಿಯಿತು.
ಅವನ ಹೆಸರನ್ನು ದಿನಾ ಬಿಚ್ಚಿ ದಿನಾ ಕಟ್ಟುವುದೇಕೆಂದು
ಬಿರುದಿನ ಸಮೇತ ದಾರದಲ್ಲಿ ಬಿಗಿದು
ಕಪಾಟಿನಲ್ಲಿ ಇಟ್ಟಿದ್ದರಂತೆ.
ಸುಗ್ಗಿಗೂ ಅದೇ, ಪ್ರವಾಹಕ್ಕೂ ಅದೇ, ಗಲ್ಲಿಗೂ ಅದೇ.
ಅವನು ಸತ್ತ ರಾತ್ರಿ ಪಾಳಿ ಇವಳದು.
ಇಪ್ಪತ್ತರ ಹುಡುಗಿ. ದಾರದ ಗಂಟು ಸವೆದು ಕಲ್ಲಾಗಿತ್ತು,
ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು.
ಒಂದೊಂದೇ ಅಕ್ಷರ ಗೂಡಿಗೆ ಹಾಕುತ್ತ
ಕೈ ನಡುಗಿದ್ದು ಕಂಡು ಮೇಸ್ತ್ರಿ ಅಂದನಂತೆ:
ಮೂಲೆ ಮುಕ್ಕಾಗದ ಹಾಗೆ, ನಿಧಾನ.
ಬರುವವನಿಗೂ ಇವೇ ಬೇಕು.

ಕಂಬಳಿಯ ಮೇಲೆ ಅವಳ ಹೆಬ್ಬೆರಳು ಈಗಲೂ
ಯಾವುದೋ ಗೂಡಿಗೆ ಏನನ್ನೋ ಹಾಕುತ್ತಿತ್ತು.

ನನ್ನ ಹಾಳೆಯ ಹಿಂದೆ ಸರಿಯುತ್ತರಗಳಿವೆ.
ಏಳನೆಯದನ್ನು ಯಾರೋ ಪೆನ್ನಿನಲ್ಲಿ ಹೊಡೆದು ಬರೆದು
ಮತ್ತೆ ಹೊಡೆದು ಬರೆದಿದ್ದಾರೆ, ಬೇರೆ ಬೇರೆ ಶಾಯಿ.
ಈ ದೇಶದಲ್ಲೂ ಮಲಗಿ ಏಳುವಷ್ಟರಲ್ಲಿ ಬದಲಾದದ್ದುಂಟು;
ಯಾರೂ ಗಂಟು ಕಚ್ಚಲಿಲ್ಲ,
ಪಾಳಿಯವರು ಟೋಸ್ಟಿಗೆ ಬೆಣ್ಣೆ ಸವರುತ್ತ
ಹೌದಾ, ಅಂದರು.
ಈಗಿನವರ ಹೆಸರಿಗೆ ನಾನೂ ಒಂದು ಗಳಿಗೆ ತಡವರಿಸಿದೆ.

ಅಂಕದ ಚೌಕ ಖಾಲಿ ಬಿಟ್ಟೆ.

ಎಂಟನೆಯದು, ಬೊಗ್ದಾನಾ.
ಆಗ ಕೊಟ್ಟ ಮೂರು ಶಬ್ದ ನೆನಪಿವೆಯೆ?

ಇಷ್ಟೇನಾ ಎಂಬಂತೆ ನೋಡಿದಳು.
ದೋಣಿ, ಎಂದಳು. ಬೀಗ.
ಸೇಬು.