ಮಂಗಳವಾರದ ಗಿರಾಕಿ

ಮಂಗಳವಾರ ನಮ್ಮ ಅಂಗಡಿ ಬಂದ್.
ಊರಾಗಿನ ಎಲ್ಲಾ ಕತ್ತರಿಗೂ ಸೂಟಿ.
ಆದರ ಕೈಗೆ ಯಾರು ಹೇಳಬೇಕು ಅದನ್ನ?
ಆರು ಹೊಡಿಯೋದ್ರಾಗ ಎದ್ದು ಬೆರಳು ಆಡತಾವು
ಚಾದರದ ಅಂಚಿನಾಗ, ಇಲ್ಲದ ಕೂದಲಕ್ಕ.

ನೀಲವ್ವ ಅಂತಾಳ:
‘ಏಳ್ರಿ, ನಿಮ್ಮ ಗಿರಾಕಿ ಹೊರಗ ಕಾಯಾಕತ್ತೈತಿ.’

ಹೊರಗ ಅಂದರ
ಹನ್ನೆರಡು ಫೂಟು ಅಗಲ, ಹದಿನೆಂಟು ಉದ್ದ,
ಇನ್ನೊಂದು ಖೋಲಿ ಕಟ್ಟಬೇಕಂತ ಬಿಟ್ಟ ಜಾಗಾ.
ಖೋಲಿ ಬರಲಿಲ್ಲ, ಕರಕಿ ಬಂತು.
ನವನಗರದಾಗ ನಳ ಬರೋದು ವಾರಕ್ಕೊಮ್ಮೆ;
ಅಕ್ಕಿ ತೊಳದ ನೀರು, ಕಾಯಿಪಲ್ಲೆ ತೊಳದ ನೀರು
ಕುಡದು ಕುಡದು ದಟ್ಟಾತು.
ಮೊನ್ನೆ ರಾತ್ರಿ ಗುಡುಗಿ ಒಂದು ಅಡ್ಡಮಳಿ ಬಿದ್ದದ್ದ ತಡ
ಎದ್ದು ನಿಂತೈತಿ,
ಹಾಸಿಗಿಂದ ಈಗ ಎದ್ದ ಹುಡುಗನ ತಲಿ.

ಮಷೀನು ಗಿರಣಿಚಾಳದ ಗುಜರಿಯೊಳಗಿಂದು.
ಎರಡು ಗಾಲಿ, ಐದು ಅಲಗು, ಮೋಟಾರಿಲ್ಲ.
ಮೆಹಬೂಬಸಾಬ ತೂಕಕ್ಕ ಹಚ್ಚಿ ಕೊಟ್ಟ:
‘ಇದನ್ನೇನ ಮಾಡ್ತಿ ಮಾರಾಯ, ಇದರ್ಲೆ ಗಡ್ಡಾ ಹೆರೀತಿಯೇನು?’
ಸಾಣಿ ನಾನ ಹಿಡದೆ.
ಹೆಬ್ಬೆರಳಿನ ಉಗುರ ಮ್ಯಾಲಿಟ್ಟು ಅಲಗು ನೋಡೋದು
ಅಪ್ಪ ಕಲಿಸಿದ್ದು.

ವರ್ಷದ ಮೊದಲನೇ ಕಟಾವು. ಜಾವಳ ಇದ್ದಂಗ.
ಕೈ ತಾನ ಹಗರ ಆಗತೈತಿ.
ಸೋದರಮಾವನ ತೊಡಿ ಮ್ಯಾಲೆ ಕುಂತ ಕೂಸಿನ ನೆತ್ತಿ
ಹೆಂಗ ಮಿಡೀತಿರತೈತಿ ಅಂತ ಗೊತ್ತಿದ್ದ ಕೈ.
ಮೊದಲ ಸಾಲು, ಗ್ವಾಡಿ ಬಾಜೂಕ.
ಕಿರ್ರ್ ಕಿರ್ರ್ ಅಂತ ಅಲಗು ತಿರಗಿ
ಹಸರು ಹಾರಿ ಪಾದದ ಮ್ಯಾಲೆ ಬೀಳತೈತಿ, ತಣ್ಣಗ.

ಇದು ಏನೂ ಕೇಳೂದಿಲ್ಲ ನೋಡ್ರಿ.
‘ಹಿಂದ ಸಣ್ಣ ಮಾಡು, ಮುಂದ ಮುಟ್ಟಬ್ಯಾಡ’ ಅನ್ನೂದಿಲ್ಲ.
ಅಂಚಟಗೇರಿ ಮಾಸ್ತರರಂಗ
ಎಲೆಕ್ಷನ್ನಿನ ಲೆಕ್ಕಾ ಹೇಳಕೋತ ಗೋಣು ತಿರವೂದಿಲ್ಲ.
ಬೋಳು ಬಿದ್ದಲ್ಲಿ ಬಿದ್ದೈತಿ,
ನಳದ ಕೆಳಗ ಒಂದು, ಸೈಕಲ್ ನಿಲ್ಲಸೋ ಕಡೆ ಒಂದು;
ಹೆಂಗರ ಮಾಡಿ ಮುಚ್ಚಪಾ ಅಂತ ಬೇಡಿಕೊಳ್ಳೂದಿಲ್ಲ.

ನಡುವ ಒಂದು ಸುಳಿ ಐತಿ ಇದಕ್ಕೂ.
ಹಿಂದಿಂದ ದಬ್ಬಿದರ ಮಕ್ಕೊಂಡು,
ಮಷೀನು ದಾಟಿದ ಮ್ಯಾಲೆ ಮೆಲ್ಲಕ ಏಳತೈತಿ.
ಎದುರಿಂದ ಬರಬೇಕು.
ನಮ್ಮ ಕಸಬಿನವರಿಗೆ ಅಷ್ಟು ಗೊತ್ತಿರತೈತಿ.

ಎದುರುಮನಿ ಬ್ಯಾಂಕಿನವರು ಪೇಪರ ಮಡಚಿ ಕೇಳಿದರು:
‘ಸೂಟಿ ದಿನಾನೂ ಅದ ಕೆಲಸಾನ?’
ಅದ ಅಲ್ರಿ.
ಅಲ್ಲಿ ನಾ ನಿಂತಿರತೀನಿ, ಕುರ್ಚಿ ತಿರಗತೈತಿ.
ಇಲ್ಲಿ ತಲಿ ಹಂಗ ಇರತೈತಿ,
ನಾ ನಡೀತೀನಿ.

ರಂಗಪಂಚಮಿ ಮುಗದು ನಾಕು ದಿನ.
ನಿನ್ನಿತನಕ ಅಂಗಡ್ಯಾಗ ಬಿದ್ದ ಕೂದಲೆಲ್ಲಾ ಗುಲಾಬಿ, ನೇರಳಿ.
ಇಲ್ಲೂ ಹುಡುಗೂರು ಹೊಡದಾಡಿದ ಮೂಲ್ಯಾಗ
ಮಳಿಗೂ ಹೋಗದ ಬಣ್ಣ ಹುಲ್ಲಿನ ತುದಿಗೆ.
ಕೊಯ್ದರ ಒಳಗ ಹಸರು.
ಬೇವಿನ ಹೂ ಉದರಿ ಅದರ ಕೂಡ ಕಲತಾವು,
ವಾಸನಿ ಒಂದು ಏಳತೈತಿ.
ಪೌಡರು, ಸ್ಪಟಿಕ, ಬಿಸಿನೀರಿನ ಅರಿವಿ,
ಇದರಾಗ ಮೂವತ್ತೊಂದು ವರ್ಷ ಮುಳಗಿದ ಮೂಗಿಗೆ
ಅದರ ಹೆಸರು ಗೊತ್ತಿಲ್ಲ.
ಹಸೇ ಹಾಲಿನ ಹಂತ್ಯಾಕ ಬರತೈತಿ, ಹಾಲಲ್ಲ.

ಮಾಬವ್ವನ ಆಡು ಆಗಿಂದ
ಗೇಟಿನ ಸಂದ್ಯಾಗ ಮುಸುಡಿ ತುರಕಿ ನಿಂತೈತಿ.
ವಾರೆಲ್ಲಾ ನಾ ಕತ್ತರಿಸಿದ್ದು ಕಸದ ಗಾಡಿಗೆ ಹೋಗತೈತಿ.
ಇವತ್ತಿಂದನ್ನರ
ಒಬ್ಬರು ಹಸದು ತಿಂತಾರ.

ಮುಗಿಸಿ, ಹಿಂದಕ್ಕ ಸರದು,
ಒಂದ ಕಣ್ಣು ಮುಚ್ಚಿ ನೋಡತೀನಿ. ರೂಢಿ.
ನೀಲವ್ವ ಚಾ ಹಿಡಕೊಂಡು ಬಂದು
‘ಕಿವಿ ಹಿಂದ ಹಂಗ ಬಿಟ್ಟೀರಲ್ಲ’ ಅಂತ
ದಾಸಾಳ ಗಿಡದ ಬುಡ ತೋರಸತಾಳ.
ಸಣ್ಣ ಕತ್ತರಿ ತಂದು, ಮಣಕಾಲೂರಿ,
ಚಿಕ್ ಚಿಕ್.

ಆಮ್ಯಾಲೆ ಅಲ್ಲೇ ಅಂಗಾತ ಬೀಳತೀನಿ.
ಈಗ ಕೊಯ್ದ ಹುಲ್ಲು ಕುತ್ತಿಗಿ ಹಿಂದ ಚುಚ್ಚತೈತಿ.
ಎಷ್ಟು ಸಾವಿರ ಕುತ್ತಿಗಿ ಬಗ್ಗಿಸಿ ನೋಡಿದಾಂವ ನಾ,
ಆ ಜಾಗಾದಾಗ ಇಷ್ಟು ಕಚಗುಳಿ ಇರತೈತಂತ
ಒಬ್ಬರೂ ಹೇಳಿದ್ದಿಲ್ಲ.
ಚಾ ಆರಾಕತ್ತೈತಿ.
ಆಡು ಮೇಯಾಕತ್ತೈತಿ.