ಅಧ್ಯಾಯ ಐದು: ಮಿತಿಗಳು

ವಿಸ್ಕಾನ್ಸಿನ್ನಿನ ವಾಸಾದಲ್ಲಿ ಜನವರಿ ಅಂದರೆ
ಮೂಗಿನೊಳಗಿನ ಕೂದಲೂ ಗರಿಗಟ್ಟುವ ಚಳಿ.
ಅಂಥದೊಂದು ಬೆಳಿಗ್ಗೆ ಶೂ ಡಬ್ಬಿ ಬಗಲಲ್ಲಿಟ್ಟುಕೊಂಡು
ಏಳನೇ ತರಗತಿಗೆ ಹೋದೆ.
ಡಬ್ಬಿಯಲ್ಲಿ ನೂರ ನಲವತ್ತು ಕಾರ್ಡು,
ಮುಖಕ್ಕೆ ಪ್ರಶ್ನೆ, ಬೆನ್ನಿಗೆ ಉತ್ತರ.
ನನಗೆ ನಲವತ್ತಮೂರು, ನಾನೂ ವಿದ್ಯಾರ್ಥಿನಿ
ಎಂದಾಗ ಮಕ್ಕಳು ನಕ್ಕರು.
ನಾನೂ.

ಸಂಶೋಧನೆಯ ಪ್ರಶ್ನೆ ಇಷ್ಟೇ:
ಸೋಮವಾರ ಕಲಿತದ್ದು ಶುಕ್ರವಾರಕ್ಕೆ ಎಲ್ಲಿ ಹೋಗುತ್ತದೆ?
ಅರ್ಧ ಮಕ್ಕಳಿಗೆ ಕಾರ್ಡು. ಮೊದಲ ದಿನ, ಮೂರನೆಯ ದಿನ,
ಏಳು, ಇಪ್ಪತ್ತೊಂದು.
ಪುಸ್ತಕ ಮುಚ್ಚು, ಕತ್ತಲಲ್ಲಿ ಸ್ವಿಚ್ಚು ತಡಕಿದ ಹಾಗೆ ತಡಕು.
ಉಳಿದರ್ಧಕ್ಕೆ ಅದೇ ಪುಟ ಮತ್ತೆ ಮತ್ತೆ ಓದು,
ಹಳದಿ ಗೆರೆ ಎಳೆ, ಸಾಕು.
ಪಾಠ: ಬಂಡೆಗಳ ಮೂರು ಬಗೆ.

ನಾನು ಕಲಿತ ಬಗೆ ಬೇರೆ.
ಹತ್ತೊಂಬತ್ತೇಳ್ಲ ನೂರಾ ಮೂವತ್ಮೂರು
ಈಗಲೂ ಕೇಳದೆಯೇ ಬಾಯಿಗೆ ಬರುತ್ತದೆ,
ಜೊತೆಗೇ ತೊಡೆ ತುರಿಸುವ ಗೋಣಿತಟ್ಟು,
ಹೇಮಾವತಿ ಟೀಚರ ಉಂಗುರ ನೆತ್ತಿಗೆ ತಾಗಿದ ಟಕ್.
ಯಾವುದು ಪಾಠ, ಯಾವುದು ಅದರ ಅಂಚು
ಇವತ್ತಿಗೂ ಬಿಡಿಸಲಾರೆ.

ಒಂದು ರಾತ್ರಿ ಹೆಸರುಕಾಳು ತೊಳೆಯುತ್ತ ಹೊಳೆಯಿತು,
ನಮ್ಮಲ್ಲಿ ನೆನೆಯುವುದೆಂದರೆ
ಜ್ಞಾಪಿಸಿಕೊಳ್ಳುವುದೂ ಹೌದು, ನೀರುಂಡು ಮೆತ್ತಗಾಗುವುದೂ ಹೌದು.
ನೀರಲ್ಲೇ ಬಿಟ್ಟರೆ ಕೊಳೆಯುತ್ತದೆ.
ನೆನೆಸು, ಬಸಿ, ಬಟ್ಟೆಯಲ್ಲಿ ಕಟ್ಟು, ಮರೆತುಬಿಡು,
ಮರುದಿನ ಒಂದಿಷ್ಟು ಚಿಮುಕಿಸು.
ಇದನ್ನೇ ಪ್ರಬಂಧದಲ್ಲಿ ಬರೆದೆ.
ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದರು:
ಆಧಾರ?
ಆಧಾರ ನನ್ನ ಸಿಂಕು. ಆ ಪ್ಯಾರಾ ಹೊಡೆದುಹಾಕಿದೆ.

ಮಾರ್ಚಿನಲ್ಲಿ ಪರೀಕ್ಷೆ.
ಕಾರ್ಡಿನ ಗುಂಪು ತುಸು ಮುಂದೆ. ತುಸು ಅಂದರೆ ತುಸುವೇ.
ಬ್ರೆನ್ನಾಳಿಗೆ ನೆನಪಿದ್ದದ್ದು
ಯಾವ ಕಾರ್ಡಿಗೆ ಕೆಚಪ್ ಅಂಟಿತ್ತು ಎಂಬುದು ಮಾತ್ರ.
ಆದರೂ ಗ್ರಾಫು ಏರಬೇಕಾದ ಕಡೆ ಏರಿತ್ತು,
ಟೂ ಮೆಂಗ್ ಒಬ್ಬನನ್ನು ಬಿಟ್ಟರೆ.
ಬರೀ ಓದುವ ಗುಂಪಿನ ಹುಡುಗ,
ಮೂವತ್ತಕ್ಕೆ ಮೂವತ್ತು.

ಕಾರ್ಡು ತೋರಿಸಿದ್ದು ಯಾರು ಎಂದು
ಪೊಲೀಸಿನವಳ ಹಾಗೆ ಎದುರು ಕೂರಿಸಿ ಕೇಳಿದೆ.
ನೆನೆದರೆ ಈಗ ನಾಚಿಕೆ.
ಜಾಕೆಟ್ಟಿನ ಜಿಪ್ಪು ಮೇಲೆ ಕೆಳಗೆ ಎಳೆಯುತ್ತ ಹೇಳಿದ:

"ಅಜ್ಜಿ ಕೇಳ್ತಾಳೆ ಮಿಸ್.
ದಿನಾ ಸಾಯಂಕಾಲ ಕಿಟಕಿ ಹತ್ರ ಕೂತು,
ಆ ಗುಡ್ಡ ಯಾವುದು, ಯಾರು ತಂದಿಟ್ಟರು ಅಂತ.
ಅದು ಮರಳಾಗಿತ್ತಜ್ಜಿ, ಭೂಮಿ ಒಳಗೆ
ಒತ್ತಿಸ್ಕೊಂಡು, ಬೆಂದು, ಬೇರೆ ಕಲ್ಲಾಯ್ತು ಅಂತೀನಿ.
ಮಾಂಗ್ ಭಾಷೇಲಿ ಹೇಳ್ಬೇಕು, ಅವಳಿಗೆ ಇಂಗ್ಲಿಷ್ ಬರಲ್ಲ.
ನನಗೆ ಮಾಂಗ್ ಅಷ್ಟು ಬರಲ್ಲ. ಹುಡುಕಿ ಹುಡುಕಿ ಹೇಳ್ತೀನಿ.
ಹೌದಾ! ಅಂತ ಕಣ್ಣು ದೊಡ್ಡದು ಮಾಡ್ತಾಳೆ.
ನಾಳೆಗೆ ಮರ್ತಿರ್ತಾಳೆ.
ಮತ್ತೆ ಕೇಳ್ತಾಳೆ."

ರಿಬ್ ಮೌಂಟನ್ ಆ ಗುಡ್ಡದ ಹೆಸರು, ಪಕ್ಕೆಲುಬು.
ಶಾಲೆಯ ಕಿಟಕಿಯಿಂದಲೂ ಕಾಣುತ್ತದೆ.
ನಾನು ಮೂರು ತಿಂಗಳು ಅದಕ್ಕೆ ಬೆನ್ನು ಹಾಕಿ ನಿಂತು
ಬಂಡೆಯ ಪಾಠ ಮಾಡಿದ್ದೆ.

ನಿಯಮದ ಪ್ರಕಾರ ಅವನ ಅಂಕ ಲೆಕ್ಕದಿಂದ ಬಿಡಬೇಕು. ಬಿಟ್ಟೆ.
ಐದನೆಯ ಅಧ್ಯಾಯದಲ್ಲಿ ಒಂದೇ ಸಾಲು:
ಒಬ್ಬ ವಿದ್ಯಾರ್ಥಿಯ ಮನೆಯ ಪ್ರಭಾವವನ್ನು
ನಿಯಂತ್ರಿಸಲಾಗಲಿಲ್ಲ.
ಲಿಂಡ್‌ಕ್ವಿಸ್ಟ್ ಅದಕ್ಕೆ ಆಧಾರ ಕೇಳಲಿಲ್ಲ.

ಜೂನಿನ ಕೊನೆಯ ದಿನ ಕಾರ್ಡುಗಳನ್ನು
ಬೇಕಾದವರು ತಗೊಳ್ಳಿ ಎಂದೆ.
ಅವನು ಬಾಗಿಲ ತನಕ ಹೋದವನು ತಿರುಗಿ ಬಂದ.
"ಕಾರ್ಡು ಬೇಡ ಮಿಸ್. ಡಬ್ಬಿ ಕೊಡ್ತೀರಾ?
ಅಜ್ಜಿ ಕಲ್ಲು ಆರಿಸಿ ತರೋಕೆ ಶುರು ಮಾಡಿದಾಳೆ.
ಯಾಕೆ ಅಂದ್ರೆ ಅವಳಿಗೂ ಗೊತ್ತಿಲ್ಲ."