ಒಂದು ಗೀಟು ಹೆಚ್ಚು

ನಮ್ಮಪ್ಪ ಫಿರ್ಮಿನೊಗೆ ಅಕ್ಷರ ಬಾರದು.
ಒಂದು ಕೊಕ್ಕೆ, ಮೇಲೊಂದು ಅಡ್ಡಗೀಟು,
ಅಷ್ಟೇ ಅವನ ಸಹಿ. ಅವರಪ್ಪನದೂ ಅದೇ.
ದೋಣಿಯ ಮೂತಿಗೆ, ಬಲೆಯ ಬೆಂಡಿಗೆ,
ಹೆಂಡದಂಗಡಿಯ ಸಾಲದ ಹಲಗೆಗೆ,
ಹುಟ್ಟಿನ ಹಿಡಿಗೆ,
ಕೊನೆಗೆ ಗೋರಿಕಲ್ಲಿಗೂ.
ಪೋವ್ವಾ ದ ವರ್ಜಿಮ್‌ನ ಬೆಸ್ತರ ಕೇರಿಯಲ್ಲಿ
ಗುರುತಿಗೂ ಕಟ್ಟಳೆಯಿದೆ:
ಹಿರಿಯ ಮಗ ಅಪ್ಪನದಕ್ಕೆ ಒಂದು ಗೀಟು ಸೇರಿಸಬೇಕು.
ಕಿರಿಯನಿಗೆ ಮಾತ್ರ ಇದ್ದದ್ದು ಇದ್ದ ಹಾಗೆ, ಬೋಳು ಗುರುತು.
ಕಿರಿಯವನು ನಾನು.

ಆಗಸ್ಟಿನ ಒಂದು ರಾತ್ರಿ
ಓಣಿಯಲ್ಲಿ ಬೂತಾಯಿ ಸುಡುತ್ತಿದ್ದೆವು.
ಏನೋ ಕಮರಿದ ವಾಸನೆ. ಮೀನು ತಿರುವಿ ನೋಡಿದೆವು,
ಒಲೆಯ ಪಕ್ಕದ ಚಿಂದಿ ನೋಡಿದೆವು.
ಅಪ್ಪ ನಾಳೆಯ ಉಬ್ಬರದ ಲೆಕ್ಕ ಹೇಳುತ್ತಲೇ ಇದ್ದ,
ಬರಿಗಾಲಲ್ಲಿ, ಕೆಂಡದ ಮೇಲೆ ನಿಂತು.
ಅಮ್ಮ ಕಿತೇರಿಯಾ ಕಿರುಚಲಿಲ್ಲ.
ಬಕೆಟ್ಟು ತಂದು ಅವನ ಕಾಲೆತ್ತಿ ನೀರಿಗಿಟ್ಟಳು.

ಮಾರನೆಯ ಬೆಳಗು ನಲ್ಲಿಯ ಹತ್ತಿರ ಗುಸುಗುಸು:
'ಫಿರ್ಮಿನೊಗೂ ಪಾದಕ್ಕೆ ಬಂತಂತೆ.'
ಅಷ್ಟು ಸಾಕು ನಮ್ಮಲ್ಲಿ. ಮಿಕ್ಕದ್ದು ಎಲ್ಲರಿಗೂ ಬಾಯಿಪಾಠ:
ಪಾದ, ಆಮೇಲೆ ಮೊಣಕಾಲು, ಆಮೇಲೆ ಹೊಟ್ಟೆ ನಿಲ್ಲದು,
ಎದ್ದರೆ ಕಣ್ಣಿಗೆ ಕತ್ತಲೆ,
ಕೈಯಲ್ಲಿರುವುದು ಹಗ್ಗವೋ ಗಾಳಿಯೋ ತಿಳಿಯದು.
ನಲವತ್ತಮೂರಕ್ಕೆ ಅಪ್ಪ ತೂಗಿದ್ದು
ಒದ್ದೆ ಬಲೆಗಿಂತ ಕಡಿಮೆ.

ಪೋರ್ಟೊದ ಡಾಕ್ಟರಮ್ಮ ಚೀಟಿಯ ಹಿಂಬದಿಗೆ ಚಿತ್ರ ಬರೆದರು.
ಲಿವರಿನಲ್ಲಿ ಹುಟ್ಟುವ ಒಂದು ಪ್ರೋಟೀನು, ಹಮಾಲಿ:
ಥೈರಾಯ್ಡಿನ ರಸ ಹೊರುವುದು,
ಎ ಜೀವಸತ್ವ ಹೊತ್ತವನನ್ನೂ ಹೊರುವುದು,
ನಾಲ್ವರು ಸೇರಿ, ಹೆಗಲಿಗೆ ಹೆಗಲು ಕೊಟ್ಟು,
ನಿಮ್ಮವರು ದೋಣಿಯನ್ನು ದಡಕ್ಕೆ ಒಯ್ಯುವ ಹಾಗೆ, ಅಂದರು.
(ನಾಲ್ಕು ಹೆಗಲೆಂದರೆ ನನಗೆ ಕಂಡದ್ದು ದೋಣಿಯಲ್ಲ.)
ಒಬ್ಬೊಬ್ಬನೂ ನೂರ ಇಪ್ಪತ್ತೇಳು ಮಣಿಯ ಸರ.
ನಮ್ಮ ಮನೆಯದರಲ್ಲಿ ಮೂವತ್ತನೆಯ ಮಣಿ ಬೇರೆ.
ಜೀನಿನಲ್ಲಿ ಒಂದಕ್ಷರದ ಪಲ್ಲಟ.
ನಾಲ್ವರ ಜೊತೆ ಸಡಿಲುತ್ತದೆ,
ಒಂಟಿಯಾದವನು ಮಡಿಕೆ ತಪ್ಪಿ ನೂಲಾಗುತ್ತಾನೆ,
ನೂಲಿಗೆ ನೂಲು ಅಂಟಿ, ನರದ ಸುತ್ತ, ಹೃದಯದ ಒಳಗೆ,
ಉಪ್ಪು ಹಿಡಿದ ಹಳೆ ಬಲೆಯಂತೆ ಬಿರುಸಾಗುತ್ತದೆ.
ಟ್ರಾನ್ಸ್‌ಥೈರೆಟಿನ್ ಅಂತ ಹೆಸರಂತೆ.
ಹರಕೆ ಹೊರಲು ನಾವು ಮರೆತ
ಯಾವುದೋ ಸಂತನ ಹೆಸರಿನಂತಿತ್ತು.

ಅಕ್ಷರ ಬಾರದವನ ಮನೆಯಲ್ಲಿ
ಒಂದಕ್ಷರ ತಪ್ಪಿತ್ತು.

ಈ ಗೀಟಿಗೆ ಕಟ್ಟಳೆಯಿಲ್ಲ. ಹಿರಿಯ, ಕಿರಿಯ,
ಗಂಡು, ಹೆಣ್ಣು ಕೇಳದು; ನಾಣ್ಯ ಚಿಮ್ಮಿದಂತೆ.
ಗುರುತಿಗೆ ಗೀಟು ಸೇರಿಸಿದ ಅಣ್ಣ ಅದೆಲಿನೊ
ರಕ್ತದಲ್ಲಿ ಬೋಳು.
ಅಂದಿನಿಂದ ಅವನು ನನ್ನ ಕಾಲು ನೋಡಿ ಮಾತಾಡುತ್ತಾನೆ.
ಅಕ್ಕ ದಿಯೊಲಿಂಡಾ ಲಕೋಟೆ ಒಡೆಯಲೇ ಇಲ್ಲ,
ರೊಟ್ಟಿ ಡಬ್ಬದ ಹಿಂದಿದೆ, ಎಣ್ಣೆ ಕಲೆ ಹತ್ತಿಸಿಕೊಂಡು.
ಬೋಳು ಗುರುತಿನ ನನಗೆ
ಒಂದು ಗೀಟು ಹೆಚ್ಚು.

ಚಿಕ್ಕಪ್ಪ ಅಲ್ಬಿನೊನ ಲಿವರು ಬದಲಾಯಿಸಿದರು.
ತೆಗೆದದ್ದನ್ನು ಎಸೆಯಲಿಲ್ಲ. ಬೇರೆಲ್ಲ ಕೆಲಸಕ್ಕೆ ಗಟ್ಟಿಯಾಗಿತ್ತು,
ಯಾವನೋ ಮುದುಕನಿಗೆ ಇಟ್ಟರು.
ಅದು ಕೇಡು ಮಾಡಲು ಎಷ್ಟೋ ವರ್ಷ ಬೇಕು,
ಅವನಿಗೆ ಅಷ್ಟು ಸಾಕು.
ಯಾರೆಂದು ಹೇಳಲಿಲ್ಲ. ಚಿಕ್ಕಪ್ಪ ಬಸ್ಸಿನಲ್ಲಿ
ಮುದುಕರು ಯಾರೇ ಸಿಗಲಿ
'ಊಟ ಸೇರುತ್ತದೆಯೆ?' ಎಂದು ವಿಚಾರಿಸುತ್ತಾನೆ.

ನನಗೆ ದಿನಕ್ಕೊಂದು ಗುಳಿಗೆ,
ಆ ನಾಲ್ವರು ಕೈಬಿಡದಂತೆ.
ನುಂಗಿ, ಕಾಫಿ ಕುಡಿದು, ಕಡಲಿಗಿಳಿಯುತ್ತೇನೆ.

ಭಾನುವಾರ ಮಗಳು ಬೆನೆದಿತಾಗೆಂದು
ಹೊಸ ಹುಟ್ಟಿಗೆ ಗುರುತು ಕೊರೆಯುತ್ತಿದ್ದೆ.
ಒಬ್ಬಳೇ; ಹಿರಿಯಳೂ ಅವಳೇ, ಕಿರಿಯಳೂ ಅವಳೇ.
ಗೀಟು ಹಾಕಬೇಕೆ, ಬೇಡವೆ? ಉಳಿ ಹಿಡಿದು ಕೂತೆ.
ಹುಟ್ಟಿನಲ್ಲಿ ಏನಿದೆಯೋ ಅದು
ನನ್ನ ಉಳಿಯ ಮಾತು ಕೇಳುವುದಲ್ಲ.
ಅಷ್ಟರಲ್ಲಿ ಅವಳು ನನ್ನೆರಡು ಪಾದ ಮರಳಲ್ಲಿ ಹೂತು
ಡಬ್ಬಿಯಿಂದ ಅಲೆಯ ನೀರು ತಂದು ಹೊಯ್ದಳು.
'ತಣ್ಣಗಿದೆಯಾ?'
ತಣ್ಣಗಿದೆ, ಅಂದೆ.
'ಈಗ ಕಣ್ಣು ಮುಚ್ಚು. ಯಾವ ಕಾಲಿಗೆ ಹೊಯ್ದೆ, ಹೇಳು.'
ಒಂದು ಅಲೆ ಬಂದು ಹೋಗುವಷ್ಟು ತಡೆದೆ.
ಎಡಕ್ಕೆ, ಅಂದೆ.
ಅವಳು ನಕ್ಕಳು.